ಎಷ್ಟು ಕೋರು ಹಾಕಿಸಲಿ?

ಜೋರು ಮಳೆ ಹಿಡಿಯಿತೆಂದರೆ ಕಾಳಿಯಲ್ಲಿ ರ‍್ಯಾಫ್ಟಿಂಗ್ ನಿಲ್ಲುತ್ತದೆ, ಹೋಂಸ್ಟೇಗಳ ಕೋಣೆಗಳು ಖಾಲಿ ಬೀಳುತ್ತವೆ, ದಾಂಡೇಲಿಯ ಸಂತೆಯಲ್ಲಿ ಕೊಡೆ ರಿಪೇರಿಯವನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಕೈಕಟ್ಟಿ ಕೂರುತ್ತಾರೆ. ನನ್ನ ಫೋನಿಗೆ ಮಾತ್ರ ಆಗಲೇ ಸುಗ್ಗಿ. “ಸರ, ಪಿಸಿ ಅಪ್‌ಗ್ರೇಡ್ ಮಾಡಬೇಕಂತ ಮಾಡೇನ್ರಿ. ಎಷ್ಟ್ ಕೋರ್ ಹಾಕಸ್ಲಿ?” ಕೇಳುವವರು ಹಳಿಯಾಳದ ಎಂಜಿನಿಯರಿಂಗ್ ಕಾಲೇಜಿನ ಹುಡುಗರು, ಬಂಗೂರನಗರದ ಕಾಗದ ಗಿರಣಿ ನೌಕರರ ಮಕ್ಕಳು, ಜೋಯಿಡಾದಲ್ಲಿ ಹೋಂಸ್ಟೇ ಇಟ್ಟುಕೊಂಡು ಮಳೆಗಾಲ ಕಳೆಯುವುದು ಹೇಗೆಂದು ಯೋಚಿಸುವ ಗೆಳೆಯ, ಮುಂಡಗೋಡದ ಟಿಬೇಟಿಯನ್ ಕ್ಯಾಂಪಿನಿಂದ ಯಾರೋ ನಂಬರು ಕೊಟ್ಟರೆಂದು ಅಂಜುತ್ತಲೇ ಮಾತಾಡುವ ಹುಡುಗ. ನನ್ನದು ಅಂಗಡಿಯಲ್ಲ, ಕಮಿಷನ್ನೂ ಇಲ್ಲ. ಸಂಭಾವನೆ ಏನಿದ್ದರೂ ಒಂದು ಚಹಾ, ಬಹಳವೆಂದರೆ ಒಂದು ಪ್ಲೇಟು ಗಿರಮಿಟ್ಟು.

ಆದರೂ ಆ ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಚುರುಕಾಗುತ್ತದೆ. ಗೇಮ್ ಆಡುವುದಕ್ಕಿಂತ, ಆಡುವ ಯಂತ್ರಕ್ಕೆ ಏನೇನು ಬೇಕು, ಏನೇನು ಬೇಡ ಎಂದು ಕೂತು ಲೆಕ್ಕ ಹಾಕುವುದರಲ್ಲೇ ನನಗೆ ಹೆಚ್ಚು ರುಚಿ. ಪ್ರೊಸೆಸರು, ಬೋರ್ಡು, ರ‍್ಯಾಮು, ಗ್ರಾಫಿಕ್ಸ್ ಕಾರ್ಡು, ಪವರ್ ಸಪ್ಲೈ ಎಂದು ಐದು ಸಾಲು ಬರೆದು, ಎದುರಿಗೆ ದರ ಬರೆದು, ಒಂದನ್ನು ಹೊಡೆದು ಹಾಕಿ ಇನ್ನೊಂದನ್ನು ಸೇರಿಸಿ, ಮತ್ತೆ ಮೊದಲಿನದನ್ನೇ ಬರೆದು... ಇದು ಸಂಜೆ ಶುರುವಾದರೆ ಊಟದ ತಟ್ಟೆ ಆರಿ ತಣ್ಣಗಾಗುವವರೆಗೂ ನಡೆಯುತ್ತದೆ. “ಆಡೂದು ಒಂದ್ ತಾಸು, ಆರಿಸೂದು ಒಂದ್ ತಿಂಗ್ಳು” ಎನ್ನುತ್ತಾಳೆ ಮನೆಯಾಕೆ. ಖರೇ ಮಾತು. ಪುಸ್ತಕ ಓದುವುದಕ್ಕಿಂತ ಪುಸ್ತಕದಂಗಡಿಯಲ್ಲಿ ನಿಲ್ಲುವುದರಲ್ಲೇ ಖುಷಿಪಡುವವರು ಇಲ್ಲವೇ? ನಾನು ಆ ಜಾತಿ.

ಕೇಳುವವರ ತಲೆಯಲ್ಲಿ ಬಹುಮಟ್ಟಿಗೆ ಉತ್ತರ ಮೊದಲೇ ಕೂತಿರುತ್ತದೆ. ಹುಬ್ಬಳ್ಳಿಯ ಯಾವುದೋ ಅಂಗಡಿಯವ “ಹದಿನಾರು ಕೋರ್ ಹಾಕ್ಬಿಡ್ರಿ, ಹತ್ತ್ ವರ್ಷ ಚಿಂತಿಲ್ಲ” ಎಂದು ಹೇಳಿ ಕಳಿಸಿರುತ್ತಾನೆ. ಅವನ ಮಾತಿನಲ್ಲೂ ಒಂದು ನ್ಯಾಯವಿದೆ. ಎಂಟಕ್ಕಿಂತ ಹದಿನಾರು ದೊಡ್ಡದು ಎಂಬುದು ಶಾಲೆಗೆ ಹೋದವರಿಗೆಲ್ಲ ಗೊತ್ತು, ಗೊತ್ತಿದ್ದದ್ದನ್ನು ಮಾರುವುದು ಸುಲಭ.

ನಾವು ಹುಡುಗರಾಗಿದ್ದಾಗ ಕೋರಿನ ಸುದ್ದಿಯೇ ಇರಲಿಲ್ಲ. ಸೈಬರ್ ಕೆಫೆಯಲ್ಲಿ ತಾಸಿಗಿಷ್ಟು ಎಂದು ಎಣಿಸಿ ಕೊಟ್ಟು ಜಿಟಿಎ ವೈಸ್ ಸಿಟಿ ಆಡುತ್ತಿದ್ದ ಕಾಲಕ್ಕೆ ಯಂತ್ರದ ಯೋಗ್ಯತೆ ಅಳೆಯುತ್ತಿದ್ದದ್ದು ಗಿಗಾಹರ್ಟ್ಸಿನಲ್ಲಿ. ಯಾವ ಮೂಲೆಯ ಮಷಿನ್ನಿನಲ್ಲಿ ಎಷ್ಟು ಎಂಬುದು ನಮಗೆಲ್ಲ ಬಾಯಿಪಾಠ. ಆ ಲೆಕ್ಕ ನಮ್ಮ ಕಣ್ಣೆದುರೇ ಮುಗಿಯಿತು. ಪೆಂಟಿಯಮ್ 4 ಏರುತ್ತ ಏರುತ್ತ 3.8 ಗಿಗಾಹರ್ಟ್ಸಿಗೆ ಬಂದು ನಿಂತಿತು. 4 ಗಿಗಾಹರ್ಟ್ಸಿನದನ್ನು ತರುತ್ತೇವೆ ಎಂದಿದ್ದ ಇಂಟೆಲ್ 2004ರಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಕಾರಣ ಬಿಸಿ. ವೇಗ ಹೆಚ್ಚಿಸಿದಷ್ಟೂ ಚಿಪ್ಪು ವಿದ್ಯುತ್ತು ನುಂಗಿ ಕಾಯುತ್ತಿತ್ತು, ಅದನ್ನು ತಣ್ಣಗಿಡುವುದೇ ದೊಡ್ಡ ಕೆಲಸವಾಗಿತ್ತು. ಒಂದೇ ಮಿದುಳನ್ನು ಓಡಿಸುವುದು ಸಾಕು, ಎರಡು ಮಿದುಳು ಕೂಡಿಸೋಣ ಎಂದು 2005ರಲ್ಲಿ ಇಂಟೆಲ್ ಪೆಂಟಿಯಮ್ ಡಿ ತಂದಿತು, ಎಎಂಡಿ ಅಥ್ಲಾನ್ 64 ಎಕ್ಸ್2 ತಂದಿತು. ಅಲ್ಲಿಂದ ಶುರುವಾಯಿತು ನೋಡಿ ಈ ಎಣಿಕೆ.

ಈ ಎಣಿಕೆಯಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ ಎಂಬುದು ಇಲ್ಲಿಯ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. ಇಂಟೆಲ್‌ನ ಮೊಟ್ಟಮೊದಲ ಆರು ಕೋರಿನ ಪ್ರೊಸೆಸರು ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಡನಿಂಗ್ಟನ್ ಎಂಬುದು ಅದರ ಒಳಗಿನ ಹೆಸರು. 2008ರ ಸೆಪ್ಟೆಂಬರಿನಲ್ಲಿ ಜಿಯಾನ್ 7400 ಸರಣಿ ಎಂದು ಮಾರುಕಟ್ಟೆಗೆ ಬಂತು. 45 ನ್ಯಾನೋಮೀಟರಿನ ಚಿಪ್ಪು, 190 ಕೋಟಿ ಟ್ರಾನ್ಸಿಸ್ಟರು, 16 ಎಂಬಿ ಎಲ್3 ಕ್ಯಾಶ್. ಅದು ಸರ್ವರಿಗೆಂದು ಮಾಡಿದ್ದು, ಗೇಮ್ ಆಡುವವರ ಮೇಜಿಗಲ್ಲ. ಆರು ಕೋರು ಇಂಟೆಲ್‌ನ ಸಾಮಾನ್ಯ ಮನೆಬಳಕೆಯ ಮಾದರಿಗಳಿಗೆ ಇಳಿಯಲು 2017ರ ಅಕ್ಟೋಬರಿನವರೆಗೆ ಕಾಯಬೇಕಾಯಿತು. ಅದೂ ಅದೇ ವರ್ಷದ ಮಾರ್ಚಿನಲ್ಲಿ ಎಎಂಡಿ ಎಂಟು ಕೋರಿನ ರೈಜೆನ್ ತಂದು ಎದುರಿಗೆ ಇಟ್ಟ ಮೇಲೆ. ಅಲ್ಲಿಯವರೆಗೆ ನಾಲ್ಕು ಕೋರಿನ ಮೇಲೆ ನಮ್ಮನ್ನು ವರ್ಷಗಟ್ಟಲೆ ಕೂರಿಸಿದ್ದರು. ಪೈಪೋಟಿ ಇಲ್ಲದಿದ್ದರೆ ವ್ಯಾಪಾರಿ ಕೈ ಬಿಗಿ ಹಿಡಿಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸರಿ, ಗೇಮಿಗೆ ಇಷ್ಟೊಂದು ಕೋರು ಏತಕ್ಕೆ ಬೇಕು? ಇಲ್ಲೇ ನನಗೆ ಅತಿ ಪ್ರಿಯವಾದ ಭಾಗ ಇರುವುದು.

ಸೆಕೆಂಡಿಗೆ 60 ಚಿತ್ರ ಪರದೆಯ ಮೇಲೆ ಮೂಡಬೇಕೆಂದರೆ ಒಂದೊಂದು ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡು. ಅಷ್ಟರಲ್ಲಿ ನೀವು ಒತ್ತಿದ ಕೀಲಿ ಯಾವುದು, ಗಾಡಿ ಎಲ್ಲಿಗೆ ಬಂತು, ಎದುರಾಳಿ ಏನು ಮಾಡುತ್ತಿದ್ದಾನೆ, ಯಾವ ಗೋಡೆ ಯಾವುದಕ್ಕೆ ತಾಗಿತು ಎಂದೆಲ್ಲ ಪ್ರೊಸೆಸರು ತೀರ್ಮಾನಿಸಬೇಕು. ಆಮೇಲೆ ಇದನ್ನು ಬರೆ, ಅದನ್ನು ಬರೆ ಎಂದು ಗ್ರಾಫಿಕ್ಸ್ ಕಾರ್ಡಿಗೆ ಅಪ್ಪಣೆ ಕೊಡಬೇಕು. ಇದರಲ್ಲಿ ಕೆಲವು ಕೆಲಸ ಹಂಚಿಕೊಳ್ಳಬಹುದಾದವು. ಶಬ್ದ, ಪಾತ್ರಗಳ ಚಲನೆ, ಕಲ್ಲು-ಮಣ್ಣು ಉರುಳುವ ಲೆಕ್ಕ, ಡಿಸ್ಕಿನಿಂದ ಮುಂದಿನ ಊರನ್ನು ಎತ್ತಿ ತರುವುದು, ಇವನ್ನೆಲ್ಲ ಬೇರೆ ಬೇರೆ ಕೋರಿಗೆ ಒಪ್ಪಿಸಬಹುದು. ಕೆಲವನ್ನು ಹಂಚಲು ಬರುವುದಿಲ್ಲ. ಮೊದಲನೆಯದು ಮುಗಿಯದೆ ಎರಡನೆಯದು ಹುಟ್ಟುವುದೇ ಇಲ್ಲ. ಆ ಸಾಲನ್ನು ಮೇನ್ ಥ್ರೆಡ್ ಎನ್ನುತ್ತಾರೆ.

ಹಳಿಯಾಳದ ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಆ ರಸ್ತೆಯಲ್ಲಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಕಡಿಯಲು ಹತ್ತು ಜನರ ಗ್ಯಾಂಗು ತಂದರೂ ಅಷ್ಟೇ, ಇಪ್ಪತ್ತು ಜನರನ್ನು ತಂದರೂ ಅಷ್ಟೇ, ಟ್ರ್ಯಾಕ್ಟರು ವೇ ಬ್ರಿಜ್ಜಿನ ಮುಂದೆ ಸರದಿಯಲ್ಲಿ ನಿಲ್ಲಲೇಬೇಕು. ಹೊಲದಲ್ಲಿ ಕೈ ಹೆಚ್ಚಿದ್ದರೆ ಕಬ್ಬು ಬೇಗ ಬೀಳುತ್ತದೆ, ನಿಜ. ತೂಕವಾಗದೆ ಒಳಗೆ ಹೋಗುವುದಿಲ್ಲವಲ್ಲ! ಕಟಾವು ಇಬ್ಬರಿಂದಲೇ ನಡೆದಿದ್ದಾಗ ಇನ್ನಿಬ್ಬರನ್ನು ಸೇರಿಸಿದರೆ ಬಹಳ ಫರಕು ಕಾಣುತ್ತದೆ. ಗ್ಯಾಂಗು ದೊಡ್ಡದಾದ ಮೇಲೆ ಮತ್ತೆ ಜನ ತಂದರೆ ಅವರು ಗಾಡಿಯ ನೆರಳಲ್ಲಿ ಕೂತು ಎಲೆಅಡಿಕೆ ಹಾಕುತ್ತಾರೆ, ಕೂಲಿ ಮಾತ್ರ ತಪ್ಪದೆ ಎಣಿಸಬೇಕು.

ಇದನ್ನೇ ಜೀನ್ ಅಮ್ಡಾಲ್ ಎಂಬ ಕಂಪ್ಯೂಟರ್ ವಿನ್ಯಾಸಕ 1967ರಲ್ಲಿ ಲೆಕ್ಕವಾಗಿ ಹೇಳಿದ. ಕೆಲಸದಲ್ಲಿ ಹಂಚಲಾಗದ ಭಾಗ ಶೇ 40 ಇದೆ ಎನ್ನಿ. ಆರು ಕೋರು ಕೊಟ್ಟರೆ ಒಂದು ಕೋರಿಗಿಂತ ಎರಡು ಪಟ್ಟು ವೇಗ. ಹನ್ನೆರಡು ಕೊಟ್ಟರೆ ಎರಡೂಕಾಲು ಪಟ್ಟೂ ಆಗದು. ಲೆಕ್ಕವಿಲ್ಲದಷ್ಟು ಕೋರು ಸುರಿದರೂ ಎರಡೂವರೆ ಪಟ್ಟನ್ನು ದಾಟುವುದಿಲ್ಲ. ಕಾಗದದ ಮೇಲೆ ಇದನ್ನು ಬರೆದು ತೋರಿಸಿದಾಗ ಹುಡುಗರ ಮುಖದಲ್ಲಿ ಮೂಡುವ ಬೇಸರ ನೋಡುವಂತಿರುತ್ತದೆ. ಹದಿನಾರು ಕೋರಿನ ಕನಸು ಕಟ್ಟಿಕೊಂಡು ಬಂದವನಿಗೆ ಭಾಗಾಕಾರ ಯಾಕೆ ಇಷ್ಟವಾದೀತು?

ಲೆಕ್ಕ ನಂಬದವರಿಗೆ ಕಣ್ಣಾರೆ ತೋರಿಸುತ್ತೇನೆ. ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಗೇಮ್ ನನ್ನ ಖಾಯಂ ಸಂಗಾತಿ. 2012ರದು. ಅದಕ್ಕೆ ನಮ್ಮ ಸಾರಿಗೆಯ ಕೆಂಪು ಬಸ್ಸಿನ ಬಣ್ಣ ಬಳಿದ ಮಾಡ್ ಹಾಕಿಕೊಂಡು ಯುರೋಪಿನ ಹೆದ್ದಾರಿಯಲ್ಲಿ ಬಿಡುವುದೆಂದರೆ ನನಗೆ ಹಬ್ಬ. ಜರ್ಮನಿಯ ರಸ್ತೆಯಲ್ಲಿ ನಮ್ಮ ಬಸ್ಸು ಗುಂಡಿಯಿಲ್ಲದೆ ಓಡುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು. ಊರೊಳಗೆ ಹೊಕ್ಕು ಗಾಡಿಗಳ ಸಂದಣಿ ಸೇರಿದಾಗ ಚಿತ್ರ ಜಗ್ಗತೊಡಗುತ್ತದೆ. ಆಗ ಪಕ್ಕದ ಪರದೆಯಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿ. ಸಿಪಿಯು ಬಳಕೆ ನೂರಕ್ಕೆ ಇಪ್ಪತ್ತು-ಮೂವತ್ತು ಎಂದು ತೋರಿಸುತ್ತದೆ. “ಸರ, ಪ್ರೊಸೆಸರ್ ಖಾಲಿನ ಐತಲ್ರಿ!” ಎನ್ನುತ್ತಾನೆ ಹುಡುಗ.

ಆ ಗ್ರಾಫಿನ ಮೇಲೆ ಬಲಗಡೆಯ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರುಗಳನ್ನು ಬೇರೆ ಬೇರೆಯಾಗಿ ತೋರಿಸು ಎಂದರೆ, ಕೋರಿಗೆ ಎರಡೆರಡು ಥ್ರೆಡ್ಡು ಓಡಿಸುವ ಆರು ಕೋರಿನ ಯಂತ್ರದಲ್ಲಿ ಒಂದು ಚೌಕ ಹನ್ನೆರಡಾಗುತ್ತದೆ. ಒಂದೋ ಎರಡೋ ಚೌಕದಲ್ಲಿ ಗೆರೆ ಮೇಲಿನ ಅಂಚಿಗೆ ತಾಗುವಂತೆ ಎದ್ದಿರುತ್ತದೆ, ಮೂರು-ನಾಲ್ಕರಲ್ಲಿ ನಡುಮಟ್ಟಕ್ಕೆ ಅಲುಗಾಡುತ್ತಿರುತ್ತದೆ, ಉಳಿದವು ತಳದಲ್ಲಿ ಹೊದ್ದು ಮಲಗಿರುತ್ತವೆ. ಮಲಗಿದವುಗಳನ್ನೂ ಸೇರಿಸಿ ಸರಾಸರಿ ತೆಗೆದದ್ದೇ ಆ ಇಪ್ಪತ್ತು-ಮೂವತ್ತು. ಇದರಲ್ಲೂ ಒಂದು ಮೋಸವಿದೆ. ವಿಂಡೋಸ್ ಒಂದೇ ಥ್ರೆಡ್ಡನ್ನು ಒಂದು ಕೋರಿನಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತಲೇ ಇರುತ್ತದೆ. ಹಾಗಾಗಿ ದುಡಿಯುತ್ತಿರುವ ಕೋರು ಯಾವುದೆಂದು ಚೌಕಗಳಲ್ಲಿ ಕೆಲವೊಮ್ಮೆ ಸ್ಪಷ್ಟವಾಗಿ ಕಾಣುವುದೂ ಇಲ್ಲ, ಎಲ್ಲವೂ ಚೂರುಚೂರು ದುಡಿದಂತೆ ತೋರುತ್ತದೆ. ಅದಕ್ಕೇ ಆಮೇಲೆ ಗೇಮಿನೊಳಗೆ ಹೋಗಿ ಬಸ್ಸಿನ ಕನ್ನಡಿಗಳ ಗುಣಮಟ್ಟ ಇಳಿಸುತ್ತೇನೆ. ಒಂದೊಂದು ಕನ್ನಡಿಗೂ ಹಿಂದಿನ ರಸ್ತೆಯನ್ನು ಯಂತ್ರ ಇನ್ನೊಮ್ಮೆ ಚಿತ್ರಿಸಬೇಕು. ಕನ್ನಡಿ ಇಳಿದ ಕೂಡಲೇ ಬಸ್ಸು ಹಗುರಾಗಿ ಓಡುತ್ತದೆ. ಒಂದು ರೂಪಾಯಿ ಖರ್ಚಿಲ್ಲ.

ಹಾಗಾದರೆ ಒಂದು ಕೋರೇ ಸಾಕಲ್ಲ ಎಂದು ತರ್ಕ ಮಾಡುವವರಿಗೆ ಫಾರ್ ಕ್ರೈ 4ರ ಕತೆ ಹೇಳುತ್ತೇನೆ. 2014ರ ನವೆಂಬರಿನಲ್ಲಿ ಆ ಗೇಮ್ ಬಂದಾಗ ಬರೀ ಎರಡು ಕೋರಿನ ಪ್ರೊಸೆಸರು ಇದ್ದವರಿಗೆ ಕಪ್ಪು ಪರದೆ ಬಿಟ್ಟು ಏನೂ ಕಾಣಲಿಲ್ಲ. ಜಗ್ಗುತ್ತ ಓಡುವ ಮಾತು ದೂರವೇ ಉಳಿಯಿತು, ಗೇಮ್ ತೆರೆಯಲೇ ಇಲ್ಲ. ಎರಡರ ಕಾಲ ಅಲ್ಲಿಗೆ ಮುಗಿಯಿತು. ನಾಲ್ಕು ಕೋರು, ನಾಲ್ಕೇ ಥ್ರೆಡ್ಡು ಇದ್ದ ಇಂಟೆಲ್‌ನ ಐ5ಗಳು ಇನ್ನೂ ಕೆಲವು ವರ್ಷ ತಳ್ಳಿದವು. ಈಗ ಅವೂ ಏದುಸಿರು ಬಿಡುತ್ತವೆ. ಸರಾಸರಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಎಣಿಕೆ, ಚೆನ್ನಾಗಿಯೇ ತೋರಿಸಿ, ಸರಿಯಾಗಿ ಗುಂಡು ಹಾರಿಸುವ ಗಳಿಗೆಗೆ ಒಮ್ಮೆ ಗಕ್ಕನೆ ನಿಂತು ಹೊರಡುತ್ತವೆ. ಆ ಗಕ್ಕನೆ ನಿಲ್ಲುವುದೇ ಆಡುವವನ ವೈರಿ. ಸರಾಸರಿಯಲ್ಲಿ ಅದು ಅಡಗಿ ಕೂರುತ್ತದೆ. ಬಲ್ಲವರು ಅತಿ ನಿಧಾನದ ಶೇ 1 ಚಿತ್ರಗಳ ಅಂಕಿಯನ್ನು ಮೊದಲು ನೋಡುವುದು ಇದಕ್ಕೇ.

ಎಂಟರ ಮಾತು ಬಂದದ್ದು ಕನ್ಸೋಲುಗಳಿಂದ. 2013ರ ಪ್ಲೇಸ್ಟೇಷನ್ 4ರಲ್ಲೇ ಎಂಟು ಕೋರು ಇದ್ದವು, ಆದರೆ 1.6 ಗಿಗಾಹರ್ಟ್ಸಿನ ಬಡಕಲು ಕೋರುಗಳು. 2020ರ ಪ್ಲೇಸ್ಟೇಷನ್ 5ಕ್ಕೆ ಗಟ್ಟಿಮುಟ್ಟಾದ ಎಂಟು ಝೆನ್ 2 ಕೋರು ಬಂದವು, 3.5 ಗಿಗಾಹರ್ಟ್ಸಿನವರೆಗೆ. ದೊಡ್ಡ ಗೇಮುಗಳನ್ನು ಈ ಕನ್ಸೋಲುಗಳನ್ನು ಕಣ್ಣೆದುರು ಇಟ್ಟುಕೊಂಡೇ ಬರೆಯುತ್ತಾರೆ, ಆದ್ದರಿಂದ ಪಿಸಿಗೂ ಎಂಟು ಬೇಕೇ ಬೇಕು ಎಂಬುದು ಒಂದು ವಾದ. ಅರ್ಧ ಸರಿ. ಆ ಎಂಟರಲ್ಲಿ ಒಂದಷ್ಟು ಪಾಲು ಕನ್ಸೋಲಿನ ಸ್ವಂತ ಸಂಸಾರಕ್ಕೆ ಹೋಗುತ್ತದೆ. ರೈಜೆನ್ 5 5600ರ ಆರು ಕೋರು ಅವಕ್ಕಿಂತ ಒಂದು ತಲೆಮಾರು ಈಚಿನವು, 4.4 ಗಿಗಾಹರ್ಟ್ಸಿನವರೆಗೆ ಓಡುತ್ತವೆ. ಎಣಿಕೆಯಲ್ಲಿ ಎರಡು ಕಡಿಮೆಯಾದರೂ ದುಡಿಮೆಯಲ್ಲಿ ಸೋಲುವುದಿಲ್ಲ.

ಎಣಿಕೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದು ಒಮ್ಮೆ ನ್ಯಾಯಾಲಯಕ್ಕೂ ಹೋಗಿದೆ. 2011ರಲ್ಲಿ ಎಎಂಡಿ ಎಫ್‌ಎಕ್ಸ್-8150 ತಂದು ಎಂಟು ಕೋರು ಎಂದು ಸಾರಿತು. ಒಳಗೆ ನೋಡಿದರೆ ನಾಲ್ಕು ಜೋಡಿ. ಪ್ರತಿ ಜೋಡಿಗೂ ದಶಮಾಂಶದ ಲೆಕ್ಕ ಮಾಡುವ ಘಟಕ ಒಂದನ್ನೇ ಹಂಚಿಕೊಟ್ಟಿದ್ದರು. ಗೇಮಿನಲ್ಲಿ ಇಂಟೆಲ್‌ನ ನಾಲ್ಕು ಕೋರಿನ ಐ5 2500ಕೆ ಇದನ್ನು ಹಿಂದೆ ಹಾಕುತ್ತಿತ್ತು. ಇದನ್ನು ಎಂಟು ಎನ್ನಬಹುದೇ ಎಂದು ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರು ದಾವೆ ಹೂಡಿದರು. 2019ರಲ್ಲಿ ಎಎಂಡಿ 1.21 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಈಗ ಇಂಟೆಲ್ ಪೆಟ್ಟಿಗೆಗಳ ಮೇಲೆ ಹತ್ತು, ಹದಿನಾಲ್ಕು, ಇಪ್ಪತ್ತನಾಲ್ಕು ಎಂದು ಬರೆದಿರುವುದನ್ನೂ ಹೀಗೇ ಬಿಡಿಸಿ ಓದಬೇಕು. ಐ5-13400ಎಫ್‌ನ ಹತ್ತು ಕೋರಿನಲ್ಲಿ ಆರು ದೊಡ್ಡವು, ನಾಲ್ಕು ಚಿಕ್ಕವು. ಗೇಮಿನ ಮುಖ್ಯ ಭಾರ ಹೊರುವುದು ಆ ಆರೇ. ಚಿಕ್ಕವು ಹಿನ್ನೆಲೆಯ ಚಿಲ್ಲರೆ ಕೆಲಸಕ್ಕೆ.

ಕೋರಿಗಿಂತ ಕ್ಯಾಶು ಮೇಲು ಎಂದು ಸಾಧಿಸಿದ್ದು 2022ರ ಏಪ್ರಿಲಿನಲ್ಲಿ ಬಂದ ಎಎಂಡಿಯ ರೈಜೆನ್ 5800ಎಕ್ಸ್3ಡಿ. ಕೋರು ಎಂಟೇ, ವೇಗ ತನ್ನ ಅಣ್ಣ 5800ಎಕ್ಸ್‌ಗಿಂತ ತುಸು ಕಡಿಮೆಯೇ. ಆದರೆ ಚಿಪ್ಪಿನ ಮೇಲೆ ಇನ್ನೊಂದು ಪದರ ಕ್ಯಾಶ್ ಹೊದಿಸಿ ಎಲ್3 ಅನ್ನು 32ರಿಂದ 96 ಎಂಬಿಗೆ ಏರಿಸಿದ್ದರು. ಬೇಕಾದ ಅಂಕಿಗಾಗಿ ರ‍್ಯಾಮಿನವರೆಗೆ ಓಡಿ ಕಾಯುವ ಹೊತ್ತು ಉಳಿಯಿತು. ಗೇಮುಗಳಲ್ಲಿ ಅದು ಹನ್ನೆರಡು, ಹದಿನಾರು ಕೋರಿನ ತನ್ನ ಅಣ್ಣಂದಿರನ್ನೇ ಹಿಂದೆ ಹಾಕಿತು. ಹದಿನಾರು ಕೋರಿನ 7950ಎಕ್ಸ್3ಡಿಯಲ್ಲಂತೂ ತಮಾಷೆಯೇ ಬೇರೆ. ಅದರೊಳಗೆ ಎಂಟೆಂಟರ ಎರಡು ತುಂಡುಗಳಿವೆ, ಹೆಚ್ಚುವರಿ ಕ್ಯಾಶ್ ಇರುವುದು ಒಂದರ ಮೇಲೆ ಮಾತ್ರ. ಗೇಮ್ ಶುರುವಾದರೆ ಇನ್ನೊಂದು ತುಂಡನ್ನು ಮಲಗಿಸಿ ಆಟವನ್ನೆಲ್ಲ ಕ್ಯಾಶಿನ ಕಡೆಗೆ ತಳ್ಳುವ ಏರ್ಪಾಡನ್ನು ಕಂಪನಿಯೇ ಮಾಡಿಟ್ಟಿದೆ. ಹದಿನಾರಕ್ಕೆ ದುಡ್ಡು ಕೊಟ್ಟು ಎಂಟರಲ್ಲಿ ಆಡುವುದು ಶ್ರೀಮಂತರ ಶೋಕಿ ಎಂದು ನಾನು ಕೈಮುಗಿದುಬಿಡುತ್ತೇನೆ.

ಹೆಚ್ಚು ಕೋರು ಯಾರಿಗೂ ಬೇಡವೆಂದಲ್ಲ. ಹಳಿಯಾಳದ ಕಾಲೇಜಿನ ಹುಡುಗನೊಬ್ಬ ಗೇಮ್ ಆಡುವುದಷ್ಟೇ ಅಲ್ಲ, ಮಾಡುತ್ತಾನೆ ಕೂಡ. ಅನ್‌ರಿಯಲ್ ಎಂಜಿನ್ನಿನಲ್ಲಿ ಒಂದು ಕಾಡು ಕಟ್ಟುತ್ತಿದ್ದಾನೆ. ಅಣಶಿ ಘಟ್ಟದ ಮಳೆಯನ್ನು ಪರದೆಗೆ ತರಬೇಕೆಂದು ಅವನ ಹಟ. ಅವನ ಯಂತ್ರ ಶೇಡರ್ ಕಂಪೈಲ್ ಮಾಡುವಾಗ ಹನ್ನೆರಡೂ ಚೌಕ ಮೇಲಿನ ಅಂಚಿಗೆ ಹತ್ತಿ ನಿಂತಿರುತ್ತವೆ, ಫ್ಯಾನು ಕೂಗುತ್ತದೆ. ಅದು ಹಂಚಲು ಬರುವ ಕೆಲಸ, ಎಷ್ಟು ಕೋರು ಕೊಟ್ಟರೂ ತಿನ್ನುತ್ತದೆ. ಇಂಥ ಹುಡುಗರಿಗೆ ಬೆಂಗಳೂರಿನ ಧ್ರುವ ಇಂಟರ‍್ಯಾಕ್ಟಿವ್ ಸುದ್ದಿ ಹೇಳುವುದೆಂದರೆ ನನಗೆ ಇಷ್ಟ. 1997ರಲ್ಲಿ ರಾಜೇಶ್ ರಾವ್ ಕಟ್ಟಿದ ಆ ಸಂಸ್ಥೆ ದೇಶದ ಮೊದಲ ಗೇಮ್ ಸ್ಟುಡಿಯೋಗಳಲ್ಲೊಂದು. 2019ರಲ್ಲಿ ಅದನ್ನು ಕೊಂಡುಕೊಂಡದ್ದು ಜಿಟಿಎ ಮಾಡುವ ರಾಕ್‌ಸ್ಟಾರ್. ಸೈಬರ್ ಕೆಫೆಯಲ್ಲಿ ವೈಸ್ ಸಿಟಿ ಆಡಿ ಬೆಳೆದ ನಮ್ಮ ಪೀಳಿಗೆಗೆ ಇದು ಸಣ್ಣ ಸಂಗತಿಯಲ್ಲ. ಆ ಹುಡುಗನಿಗೆ ಎಂಟು ಬರೆದುಕೊಟ್ಟೆ, ಕೈಯಲ್ಲಿ ದುಡ್ಡಿದ್ದರೆ ಹನ್ನೆರಡು ಎಂದೂ ಸೇರಿಸಿದೆ.

ಮುಂಡಗೋಡದ ಹುಡುಗನ ವಿಚಾರ ಬೇಗ ಮುಗಿಯಿತು. ಅವನಿಗೆ ಬೇಕಾದದ್ದು ವ್ಯಾಲರಂಟ್, ಜೊತೆಗೆ ಒಂದಿಷ್ಟು ವಿಡಿಯೋ ಎಡಿಟಿಂಗ್. ಐ5-12400ಎಫ್, ಆರು ಕೋರು, ಹನ್ನೆರಡು ಥ್ರೆಡ್ಡು. ಫೋನಿಟ್ಟ.

ಜೋಯಿಡಾದ ಗೆಳೆಯನ ಬಳಿ ಮಾತ್ರ ಕೋರಿನ ಲೆಕ್ಕ ಬೇರೆಯೇ ದಾರಿ ಹಿಡಿಯುತ್ತದೆ. ಅವನ ತಾಲ್ಲೂಕಿನಲ್ಲೇ 101 ಮೀಟರಿನ ಸೂಪಾ ಅಣೆಕಟ್ಟು ನಿಂತಿದೆ. ಹಳೆಯ ಸೂಪಾ ಊರು ಅದರ ನೀರಿನಡಿ ಹೋಯಿತು. ಗಣೇಶಗುಡಿ, ಅಂಬಿಕಾನಗರದ ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಕಾಳಿ ಇಳಿಯುವ ದಾರಿಯುದ್ದಕ್ಕೂ ಕರೆಂಟು ಹುಟ್ಟುತ್ತದೆ. ಆದರೂ ಒಂದು ಜೋರು ಗಾಳಿಗೆ ಮರ ಬಿದ್ದು ತಂತಿ ಹರಿದರೆ ಅವನ ಹಳ್ಳಿಗೆ ಕತ್ತಲೆ. ಬಾಸನ್ನು ಇನ್ನೇನು ಕೆಡವಬೇಕು ಅನ್ನುವಾಗ ಯುಪಿಎಸ್ ಕೀಂ ಕೀಂ ಎಂದು ಬಾಯಿ ಬಿಡುತ್ತದೆ. ಅವನಿಗೆ ನಾನು ಕೋರಿಗಿಂತ ಮೊದಲು ವ್ಯಾಟು ಕೇಳುತ್ತೇನೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ತಾಳುವುದು ಸುಮಾರು 360 ವ್ಯಾಟು. 5600ರ ಹೆಸರಿಗೆ ಬರೆದಿರುವುದು 65 ವ್ಯಾಟು. ಇಪ್ಪತ್ತನಾಲ್ಕು ಕೋರಿನ ಐ9-14900ಕೆ ಪೂರ್ತಿ ಓಡಿದರೆ 253 ವ್ಯಾಟು ಎಳೆಯುತ್ತದೆ. ಅದರ ಮೇಲೆ ಗ್ರಾಫಿಕ್ಸ್ ಕಾರ್ಡು, ಮಾನಿಟರು. ಕರೆಂಟು ಹೋದ ಕ್ಷಣಕ್ಕೇ ಯುಪಿಎಸ್ಸೂ ಕೈ ಚೆಲ್ಲಿದರೆ ಇಪ್ಪತ್ತನಾಲ್ಕು ಕೋರು ಕಟ್ಟಿಕೊಂಡು ಏನು ಮಾಡುವುದು? ಆಟವನ್ನು ಸೇವ್ ಮಾಡಿ ಸರಿಯಾಗಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಕ್ಕರೆ ಅವನಿಗೆ ಅದೇ ಸ್ವರ್ಗ. ಅಲ್ಲಿಯ ನೆಟ್‌ವರ್ಕ್ ಬಗ್ಗೆ ಹೇಳದಿರುವುದೇ ಒಳ್ಳೆಯದು. ನೂರು ಜಿಬಿ ದಾಟುವ ಗೇಮುಗಳನ್ನು ದಾಂಡೇಲಿಯಲ್ಲಿ ಇಳಿಸಿ, ಹಾರ್ಡ್ ಡಿಸ್ಕಿನಲ್ಲಿ ತುಂಬಿ, ಪ್ಲಾಸ್ಟಿಕ್ ಚೀಲದಲ್ಲಿ ಎರಡೆರಡು ಸುತ್ತು ಸುತ್ತಿ ಬಸ್ಸಿನಲ್ಲಿ ಒಯ್ಯುತ್ತಾನೆ.

ಇನ್ನು ದಾಂಡೇಲಿಯ ನಮ್ಮ ಓಣಿಯ ಹುಡುಗ. ಅವನದು ಬಿ450 ಬೋರ್ಡು, ಅದರಲ್ಲಿ ರೈಜೆನ್ 5 2600. ಎಲ್ಲ ಹೊಸದೇ ತರಬೇಕು ಎಂದು ಅಪ್ಪನ ಬೆನ್ನು ಬಿದ್ದಿದ್ದ. ಅಪ್ಪ ಪೇಪರ್ ಮಿಲ್ಲಿನ ಪಾಳಿ ಮುಗಿಸಿ ಬಂದು ನನ್ನ ಮನೆಯ ಕಟ್ಟೆಯ ಮೇಲೆ ಕೂತು, “ಹಳೇದ್ರಾಗ ಏನಾರ ಆಗ್ತದೇನ್ ನೋಡ್ರಿ” ಎಂದ. ಇಂಥ ಕೇಸು ಸಿಕ್ಕರೆ ನನಗೆ ಆ ದಿನ ಹಬ್ಬ. ಹಳೆಯ ಬೋರ್ಡಿನಲ್ಲೇ ಹೊಸ ಪ್ರೊಸೆಸರು ಕೂರುವುದು ಆ ಬೋರ್ಡಿನ ಎಎಂ4 ಸಾಕೆಟ್ಟಿನ ದೊಡ್ಡ ಗುಣ. 2016ರಲ್ಲಿ ಬಂದ ಸಾಕೆಟ್ಟಿಗೆ ವರ್ಷಗಳ ಮೇಲೂ ಹೊಸ ಪ್ರೊಸೆಸರು ಬರುತ್ತಲೇ ಇದ್ದವು. ಬೋರ್ಡಿನ ಬಯಾಸ್ ಹೊಸದು ಮಾಡಿದರೆ ಸಾಕು, 2600 ತೆಗೆದ ಜಾಗಕ್ಕೇ 5600 ಕೂರುತ್ತದೆ. ಕೋರು ಆರೇ, ಮೊದಲೂ ಆರು, ಈಗಲೂ ಆರು! ಎಣಿಕೆಯಲ್ಲಿ ಒಂದೂ ಹೆಚ್ಚದ ಅಪ್‌ಗ್ರೇಡು. ಅಪ್ಪನಿಗೆ ಇದು ಅರ್ಥವಾಗಲು ಎರಡು ಚಹಾ ಬೇಕಾಯಿತು.

ಕೂರಿಸುವ ಕೆಲಸವನ್ನು ನಾನೇ ಮಾಡಿದೆ, ಅದನ್ನು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಮೊದಲು ಹಳೆಯ ಪ್ರೊಸೆಸರು ಇರುವಾಗಲೇ ಬಯಾಸ್ ಏರಿಸಬೇಕು, ಆ ಹೊತ್ತಿಗೆ ಕರೆಂಟು ಹೋಗದಂತೆ ಉಳವಿ ಚನ್ನಬಸವಣ್ಣನಿಗೆ ಒಂದು ನಮಸ್ಕಾರ ಹಾಕಬೇಕು. ಆಮೇಲೆ ಕೂಲರು ಬಿಚ್ಚುವುದು. ಪೇಸ್ಟು ಒಣಗಿ ಅಂಟಿಕೊಂಡಿದ್ದರೆ ಕೂಲರಿನ ಜೊತೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತುಬರುತ್ತದೆ, ಅದಕ್ಕೆ ಸ್ವಲ್ಪ ಹೊತ್ತು ಗೇಮ್ ಓಡಿಸಿ ಬಿಸಿ ಮಾಡಿಕೊಂಡು, ಆರಿಸಿ, ಎತ್ತುವ ಮೊದಲು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಬೇಕು. ಹೊಸ ಚಿಪ್ಪನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ಕೆಳಗೆ 1331 ಚಿನ್ನದ ಬಣ್ಣದ ಸೂಜಿಗಳು ಸಾಲುಸಾಲಾಗಿ ಹೊಳೆಯುತ್ತವೆ. ಒಂದು ಮೂಲೆಯಲ್ಲಿ ಪುಟ್ಟ ತ್ರಿಕೋನವಿದೆ, ಸಾಕೆಟ್ಟಿನ ಮೇಲೂ ಒಂದು ತ್ರಿಕೋನ. ಎರಡನ್ನೂ ಹೊಂದಿಸಿ ಕೈಬಿಟ್ಟರೆ ತನ್ನ ಭಾರಕ್ಕೇ ಕೆಳಗಿಳಿದು ಕೂರುತ್ತದೆ. ಬೆರಳಿನಿಂದ ಒತ್ತಲೇಬಾರದು. ಸಣ್ಣ ಸನ್ನೆ ಇಳಿಸಿದಾಗ ಒಂದು ಬಿಗಿ ತಾಗುತ್ತದಲ್ಲ, ಆ ಬಿಗಿಗಾಗಿಯೇ ನಾನು ಈ ಉಸಾಬರಿ ಹಚ್ಚಿಕೊಂಡಿರುವುದು. ನಡುವೆ ಬಟಾಣಿ ಕಾಳಿನಷ್ಟು ಪೇಸ್ಟು, ಮೇಲೆ ಕೂಲರು, ಸ್ಕ್ರೂಗಳನ್ನು ಓರೆಯಾಗಿ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯುವುದು. ಮಳೆಗಾಲದಲ್ಲಿ ಈ ಕೆಲಸಕ್ಕೆ ಒಂದು ಅನುಕೂಲವೂ ಉಂಟು, ಹಸಿ ಹವೆಯಲ್ಲಿ ಮೈಯಿಂದ ಹಾರುವ ಸ್ಥಾಯಿ ವಿದ್ಯುತ್ತಿನ ಕಾಟ ಕಡಿಮೆ. ಬೂಷ್ಟು ಹಿಡಿಯುವ ಚಿಂತೆ ಬೇರೆ, ಅದಕ್ಕೆ ದಿನಾ ಅರ್ಧ ತಾಸಾದರೂ ಯಂತ್ರ ಹಚ್ಚಿಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಹುಡುಗರಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ.

ನನ್ನ ತೀರ್ಪು ಕೇಳಿದರೆ ಇಷ್ಟು. ಬರೀ ಆಡುವವರಿಗೆ ಈಚಿನ ತಲೆಮಾರಿನ ಆರು ಕೋರು, ಹನ್ನೆರಡು ಥ್ರೆಡ್ಡು ಸಾಕು. ಆಡುತ್ತಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವವರು, ವರ್ಷಗಟ್ಟಲೆ ಬದಲಿಸದೆ ಇಟ್ಟುಕೊಳ್ಳುವವರು ಎಂಟಕ್ಕೆ ಹೋಗಲಿ. ದುಡ್ಡಿದ್ದರೆ ಹೆಚ್ಚು ಕ್ಯಾಶಿನ ಎಂಟು ಇನ್ನೂ ಒಳ್ಳೆಯದು. ಅದರಾಚೆಗಿನದು ಗೇಮ್ ಆಡುವವರಿಗಲ್ಲ, ಗೇಮ್ ಮಾಡುವವರಿಗೆ. ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ, ನಮ್ಮ ನಾಲ್ಕು ತಾಲ್ಲೂಕಿನವರಾದರೆ ಮೊದಲು ಒಳ್ಳೆಯ ಯುಪಿಎಸ್ಸಿಗೆ ಹಾಕಿ.

ಹುಬ್ಬಳ್ಳಿಯ ಬಸ್ಸು ಹತ್ತುವ ಮೊದಲು ಒಂದು ಪರೀಕ್ಷೆ ಮಾತ್ರ ತಪ್ಪದೆ ಮಾಡಿ. ನೀವು ಹೆಚ್ಚು ಆಡುವ ಗೇಮನ್ನು ತೆರೆದು, ಅದು ಅತಿ ಹೆಚ್ಚು ಜಗ್ಗುವ ಜಾಗಕ್ಕೆ ಹೋಗಿ ನಿಂತು, ರೆಸಲ್ಯೂಷನ್ ಅನ್ನು 1080ರಿಂದ 720ಕ್ಕೆ ಇಳಿಸಿ. ಎಫ್‌ಪಿಎಸ್ ಜಿಗಿದು ಮೇಲೇರಿದರೆ ದಣಿದಿರುವುದು ನಿಮ್ಮ ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರನ್ನು ಮುಟ್ಟಬೇಡಿ. ಅಂಕಿ ಇದ್ದಲ್ಲೇ ಇದ್ದರೆ ಆಗ ನನಗೊಂದು ಫೋನು ಹಚ್ಚಿ, ಕೋರಿನ ಮಾತಾಡೋಣ.